ನಾನು ಮರೆತಿದ್ದೇನೆ

"ಕಳೆದ ಏಳು ದಿನಗಳಲ್ಲಿ, ನನ್ನ ತಲೆಯಲ್ಲಿ ಮಂಜು ಕವಿದಂತೆ ಅನ್ನಿಸಿದೆ," ಎಂದು ನೊಯೆಮಿ ಓದಿದಳು.

ದೋನ್ ಎರ್ಮೀಲೊ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಗಂಭೀರವಾಗಿ ಯೋಚಿಸಿದ.

"ದಿನಾ," ಎಂದ. "ಪೆರೋತೆಯಿಂದ ಬಸ್ಸಲ್ಲಿ ಬಂದಿದೀನಲ್ಲಮ್ಮಾ, ಬೆಟ್ಟ ಇಳಿಯೋವರೆಗೂ ಮುಂದಿನ ಲಾರಿ ಬಾಲ ಕಾಣಿಸ್ಲಿಲ್ಲ. ಡ್ರೈವರು ಕಿಟಕಿಯಿಂದ ತಲೆ ಆಚೆ ಹಾಕ್ಕೊಂಡೇ ಓಡಿಸ್ದ."

"ರಸ್ತೇಲಲ್ಲ..." ಎಂದವಳು ಬಾಯಿ ಮುಚ್ಚಿಕೊಂಡಳು. ವಿವರಿಸುವ ಹಾಗಿಲ್ಲ.

"ತಲೆ ಮೇಲೆ ಯಾವಾಗ್ಲೂ ಟೋಪಿ ಇರುತ್ತೆ. ಅದರೊಳಗೆ ಎಲ್ಲಿಂದ ಮಂಜು ಬರುತ್ತೆ?" ಎಂದು ಮುದುಕ ನಕ್ಕ. ನೊಯೆಮಿ 'ಹೆಚ್ಚುಕಮ್ಮಿ ದಿನವೂ' ಎಂಬ ಚೌಕಕ್ಕೆ ಗುರುತು ಹಾಕಿದಳು. ಬೆಟ್ಟದ ಊರಾದ ಹಲಾಪದಲ್ಲಿ ವರ್ಷದ ಅರ್ಧ ಮಂಜು ಬೀದಿಯಲ್ಲೇ ಬಿದ್ದಿರುತ್ತದೆ. ಯಾವುದೋ ಬಿಸಿಲೂರಿನ ಆಫೀಸಿನಲ್ಲಿ ಕೂತು ಅನುವಾದ ಮಾಡಿದವರಿಗೆ ಅದು ಹೊಳೆದಿರಲಿಲ್ಲ.

ಪ್ರಶ್ನಾವಳಿ ಮೂಲದಲ್ಲಿ ಇಂಗ್ಲಿಷಿನದು. ಕ್ಯಾನ್ಸರಿನ ಚಿಕಿತ್ಸೆಯಾದವರಿಗೆ ನೆನಪು, ಗಮನ, ಮಾತು ಎಷ್ಟು ಕೈಕೊಡುತ್ತಿವೆ ಎಂದು ಅವರ ಬಾಯಿಂದಲೇ ತಿಳಿಯಲು ಮಾಡಿದ್ದು. ಅದರ ಮಾಲೀಕ ಸಂಸ್ಥೆಯೇ ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಿ ಮೊಹರು ಹಾಕಿ ಕಳಿಸಿತ್ತು. ಈ ಊರಿನ ರೋಗಿಗಳ ಮೇಲೆ ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಒರೆಗೆ ಹಚ್ಚುವುದು ಡಾಕ್ಟರ್ ಒವಾಂದೊನ ಯೋಜನೆ. ಮನಶ್ಶಾಸ್ತ್ರ ಓದಿ ವರ್ಷದಿಂದ ಗುತ್ತಿಗೆಯ ಮೇಲೆ ಇಲ್ಲಿದ್ದ ನೊಯೆಮಿಯ ಕೆಲಸ ಓದುವುದು. ಬರೆದದ್ದನ್ನು ಬರೆದ ಹಾಗೆ ಓದಬೇಕು. ಅರ್ಥ ಹೇಳಬಾರದು, ಉದಾಹರಣೆ ಕೊಡಬಾರದು, ಹೂಂಗುಟ್ಟಲೂ ಬಾರದು. ಎಲ್ಲ ಮುಗಿದ ಮೇಲೆ "ಈ ವಾಕ್ಯ ನಿಮ್ಮ ಮಾತಿನಲ್ಲಿ ಏನು ಹೇಳುತ್ತದೆ?" ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಳ್ಳಬೇಕು. ಎರಡು ವಾರದ ನಂತರ ಅದೇ ರೋಗಿಗೆ ಅದನ್ನೇ ಮತ್ತೆ ಓದಬೇಕು. ಎರಡು ಸಲದ ಉತ್ತರವೂ ಹೊಂದಿದರೆ ಪ್ರಶ್ನಾವಳಿ ಗಟ್ಟಿ.

ಕೀಮೋ ಕೊಡುವ ಹಾಲಿನ ಪಕ್ಕ, ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆಯಲ್ಲಿ ಅವಳ ಮೇಜು. ದೋನ್ ಎರ್ಮೀಲೊ ಎದ್ದು ಹೋದ ಮೇಲೆ ದೋನ್ಯಾ ಎಲ್ಪೀದಿಯಾ ಬಾಗಿಲು ತಟ್ಟದೆ ಒಳಬಂದಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ಪಂಬಾಸೋ. ಬನ್ನಿನ ಮೇಲೆ ಉದುರಿಸಿದ್ದ ಹಿಟ್ಟು ಅವಳ ಸ್ವೆಟರಿಗೆಲ್ಲ ಮೆತ್ತಿಕೊಂಡಿತ್ತು.

"ತಿನ್ನು ಮಗಳೇ. ನಿನ್ನ ನೋಡಿದ್ರೆ ನಮ್ಮಿಬ್ರಲ್ಲಿ ಕೀಮೋ ತಗೊಂಡೋರು ಯಾರು ಅಂತ ಜನ ಕೇಳ್ತಾರೆ."

ಎಲ್ಪೀದಿಯಾಗೆ ಐವತ್ತು ದಾಟಿದೆ. ಎಡ ಸ್ತನ ತೆಗೆದಿದ್ದಾರೆ, ಕೀಮೋ ಮುಗಿದಿದೆ, ಈಗ ತಿಂಗಳ ಇಂಜೆಕ್ಷನ್ನಿಗೆ ಬರುತ್ತಾಳೆ. ಉದುರಿದ ಕೂದಲು ಗುಂಗುರು ಗುಂಗುರಾಗಿ ಮತ್ತೆ ಬಂದಿದೆ. "ಯಾರ್ದೋ ಕುರಿಮರಿದು ತಂದು ಅಂಟಿಸಿದಾರೆ" ಎನ್ನುತ್ತಾಳೆ. ಕೆಲಸ ಒಂದು ಶಿಶುವಿಹಾರದ ಬಾಗಿಲಲ್ಲಿ. ಬೆಳಿಗ್ಗೆ ಮಕ್ಕಳನ್ನು ತಾಯಂದಿರ ಕೈಯಿಂದ ತೆಗೆದುಕೊಳ್ಳುವುದು, ಸಂಜೆ ಸರಿಯಾದ ಕೈಗೆ ಒಪ್ಪಿಸುವುದು. ಯಾವ ಮಗುವನ್ನು ಯಾರು ಯಾರು ಕರೆದೊಯ್ಯಬಹುದು ಎಂಬುದು ಪುಸ್ತಕದಲ್ಲಿದೆ. ಎಲ್ಪೀದಿಯಾ ಆ ಪುಸ್ತಕವನ್ನು ಎಂದೂ ತೆರೆದವಳಲ್ಲ, ಎಲ್ಲ ತಲೆಯಲ್ಲೇ ಇತ್ತು. ಹಳೆಯ ಮಕ್ಕಳು ಮೀಸೆ ಬಿಟ್ಟುಕೊಂಡು ದಾರಿಯಲ್ಲಿ ಸಿಕ್ಕರೂ ಹೆಸರು ಹಿಡಿದು ಕಿವಿ ಹಿಂಡುತ್ತಿದ್ದಳು.

ಕಳೆದ ತಿಂಗಳು ರೆನಾತಾ ಎಂಬ ಮಗುವನ್ನು ಅದರ ಚಿಕ್ಕಪ್ಪನ ಕೈಗೆ ಕೊಟ್ಟುಬಿಟ್ಟಳು. ತಂದೆಯ ಕಡೆಯವರಾರಿಗೂ ಕೊಡಬಾರದೆಂದು ತಾಯಿ ಕೋರ್ಟಿನ ಕಾಗದ ತಂದುಕೊಟ್ಟಿದ್ದಳು. ಕತ್ತಲಾಗುವ ಮೊದಲೇ ಪೊಲೀಸರು ಹೋದಾಗ ಮಗು ಅಜ್ಜಿಯ ಮನೆಯಲ್ಲಿ ಜೆಲ್ಲಿ ತಿನ್ನುತ್ತಾ ಕೂತಿತ್ತು. ಏನೂ ಆಗಿರಲಿಲ್ಲ. ಆದರೆ ಆಗಬಹುದಿತ್ತು ಎಂಬುದೇ ಸಾಕಾಗಿತ್ತು. ಎಲ್ಪೀದಿಯಾಳನ್ನು ಮನೆಗೆ ಕಳಿಸಿ ವಿಚಾರಣೆ ಇಟ್ಟಿದ್ದಾರೆ. ನಿರ್ಲಕ್ಷ್ಯ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವಿಮೆ, ವಿಮೆಯ ಜೊತೆ ಇಂಜೆಕ್ಷನ್. ಚಿಕಿತ್ಸೆಯಿಂದ ನೆನಪಿಗೆ ಪೆಟ್ಟಾಗಿದೆ ಎಂದು ಆಸ್ಪತ್ರೆ ಪತ್ರ ಕೊಟ್ಟರೆ ಬಾಗಿಲಿನಿಂದ ಅಡುಗೆಮನೆಗೆ ಹಾಕಿ ಉಳಿಸಿಕೊಳ್ಳುತ್ತಾರಂತೆ.

"ಡಾಕ್ಟ್ರು ಹೇಳಿದ್ರು, ನಿನ್ನ ಹತ್ರ ಹೋಗು, ನೀನು ನನ್ನ ತಲೆ ನೋಡ್ತೀಯ, ಕೆಟ್ಟಿದ್ರೆ ನೆನಪಿನ ಡಾಕ್ಟ್ರ ಹತ್ರ ಕಳಿಸ್ತಾರೆ, ಅವ್ರು ಪತ್ರ ಬರೀತಾರೆ ಅಂತ," ಎಂದು ಎಲ್ಪೀದಿಯಾ ಕುರ್ಚಿ ಎಳೆದುಕೊಂಡಳು. "ನೋಡು. ಎಲ್ಲಿ ಮಲಗ್ಬೇಕು?"

"ಮಲಗೋದೇನಿಲ್ಲ. ನಾನು ಓದ್ತೀನಿ, ನೀವು ಎಷ್ಟು ಸಲ ಅಂತ ಹೇಳ್ಬೇಕು, ಅಷ್ಟೆ."

"ಅಷ್ಟೇನಾ? ಹಾಗಾದ್ರೆ ಸುಲಭ."

"ಕಳೆದ ಏಳು ದಿನಗಳಲ್ಲಿ, ನಾನು ಪರಿಚಯದವರ ಹೆಸರುಗಳನ್ನು ಮರೆತಿದ್ದೇನೆ."

"ಒಮ್ಮೆಯೂ ಇಲ್ಲ."

"ನಾನು ಮಾಡಬೇಕಾದ ಕೆಲಸಗಳನ್ನು ಮರೆತಿದ್ದೇನೆ."

"ಒಮ್ಮೆಯೂ ಇಲ್ಲ."

"ನಾನು ವಸ್ತುಗಳನ್ನು ಕಳೆದಿದ್ದೇನೆ."

"ಯಾರದ್ದು?" ಎಲ್ಪೀದಿಯಾಳ ಹುಬ್ಬು ಮೇಲೇರಿತು. "ನಾನು ಯಾರ ವಸ್ತೂನೂ ಕಳೆದಿಲ್ಲ."

"ನಾನು ತಪ್ಪುಗಳನ್ನು ಮಾಡಿದ್ದೇನೆ."

ಎಲ್ಪೀದಿಯಾ ಅವಳನ್ನೇ ದಿಟ್ಟಿಸಿದಳು. ಪಂಬಾಸೋ ತಂದುಕೊಟ್ಟ ಮುಖ ಅದಲ್ಲ.

"ಒಮ್ಮೆಯೂ ಇಲ್ಲ. ಬರ್ಕೋ. ಯೂನಿಯನ್ ಹುಡುಗ ಹೇಳಿದಾನೆ, 'ನಾನು' ಅಂತ ಶುರುವಾಗೋ ಯಾವ ಕಾಗದಕ್ಕೂ ಹೂಂ ಅನ್ಬೇಡಿ ಅಂತ. ಇದೇನು, ಶಿಶುವಿಹಾರದೋರು ಕಳ್ಸಿದ್ದಾ?"

"ಅಲ್ಲ, ದೋನ್ಯಾ ಎಲ್ಪೀದಿಯಾ. ಎಲ್ಲ ರೋಗಿಗಳಿಗೂ ಇದೇ ಓದೋದು."

"ಹಾಗಾದ್ರೆ ಎಲ್ರ ಕೈಲೂ ತಪ್ಪೊಪ್ಪಿಗೆ ಬರೆಸ್ಕೋತಿದೀರ. ಪಾದ್ರಿನಾದ್ರೂ ಕೊನೇಲಿ ಕ್ಷಮಿಸ್ತಾನೆ."

ಓದು ಮುಗಿಯಿತು. ನೊಯೆಮಿ ಮೊದಲ ವಾಕ್ಯಕ್ಕೆ ಬೆರಳಿಟ್ಟು, ನಿಮ್ಮ ಮಾತಿನಲ್ಲಿ ಹೇಳಿ ಎಂದಳು.

"ಮರೆಯೋದು ಅಂದ್ರೇನು ಅಂತ ನನಗ್ಗೊತ್ತಿಲ್ವಾ? ನನ್ನ ಗಂಡ ವೆರಕ್ರೂಸ್ ಬಂದರಿಗೆ ಕೆಲಸಕ್ಕೆ ಹೋದ, ನನ್ನ ಮರೆತ, ಮಕ್ಕಳ್ನ ಮರೆತ, ಹೆತ್ತ ತಾಯಿನೂ ಮರೆತ. ಅದು ಮರೆಯೋದು. ನಾನು ಯಾರನ್ನೂ ಮರೆತೋಳಲ್ಲ. ಹೆಸರು ಬಾಯಿಗೆ ಬರದೇ ಇರೋದು ಬೇರೆ. ಅದು ಇಲ್ಲೇ ನಾಲಿಗೆ ತುದೀಲಿರುತ್ತೆ, ಜಾರಿ ಬಿದ್ದುಹೋಗುತ್ತೆ. ಅದಕ್ಕೆ ನಾನೇನು ಮಾಡ್ಲಿ, ನೋಯೆಲಿಯಾ?"

ವರ್ಷದಿಂದ ಅವಳನ್ನು ನೊಯೆಮಿ ಎಂದೇ ಕರೆದವಳು.

ನೊಯೆಮಿ ಅದನ್ನು ಬರೆದುಕೊಂಡಳು. ಬರೆಯುತ್ತಿದ್ದ ಹಾಗೆ ಎಡವಟ್ಟು ಎಲ್ಲಿದೆ ಎಂದು ಹೊಳೆಯಿತು. ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಈ ಊರಿನಲ್ಲಿ ಯಾರೂ 'ನಾನು ಮರೆತೆ' ಎನ್ನುವುದಿಲ್ಲ, 'ನನಗೆ ಮರೆತುಹೋಯಿತು' ಎನ್ನುತ್ತಾರೆ. ಕೈಯಿಂದ ಲೋಟ ಬಿದ್ದರೂ ಹಾಗೆಯೇ, ಬೀಗದ ಕೈ ಕಾಣದಿದ್ದರೂ ಹಾಗೆಯೇ. ಅದು ತಾನಾಗಿ ಆದದ್ದು, ಇವರ ಮೇಲೆ ಬಂದು ಬಿದ್ದದ್ದು. 'ನಾನು ಮರೆತಿದ್ದೇನೆ' ಎನ್ನುವಂತೆ ಬೇಕೆಂದೇ ಮರೆಯುವವರು ಓಡಿಹೋದ ಗಂಡಂದಿರು. ಅನುವಾದಕರು ವ್ಯಾಕರಣಕ್ಕೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಇಡೀ ಪ್ರಶ್ನಾವಳಿಯನ್ನು ತಪ್ಪೊಪ್ಪಿಗೆ ಮಾಡಿಟ್ಟಿದ್ದರು ಅಷ್ಟೆ.

"ಇನ್ನೇನು, ಆಯ್ತಲ್ಲ? ನನ್ನ ತಲೆ ಹೇಗಿದೆ ಅಂತ ನೋಡಿದ್ಯಲ್ಲ," ಎಂದು ಎಲ್ಪೀದಿಯಾ ಎದ್ದಳು. ಬಾಗಿಲ ಬಳಿ ನಿಂತು ತಿರುಗಿದಳು. "ಆ ಡಾಕ್ಟ್ರ ಹತ್ರ ಯಾವಾಗ ಹೋಗ್ಲಿ, ಆ... ಆ ಇವರ ಹತ್ರ?" ಕೈ ಹಣೆಯ ಮುಂದೆ ಗಾಳಿಯಲ್ಲಿ ತಿರುಗಿತು, 'ನೆನಪು' ಎಂಬ ಮಾತು ಸಿಗಲಿಲ್ಲ.

ಆಕೆ ಹೋದ ಮೇಲೆ ನೊಯೆಮಿ ಅಂಕ ಕೂಡಿಸಿದಳು. ಎಲ್ಪೀದಿಯಾಳ ಬುದ್ಧಿ ಆ ತಿಂಗಳು ಬಂದ ಎಲ್ಲರಿಗಿಂತ ಚೆನ್ನಾಗಿತ್ತು.

*

ಡಾಕ್ಟರ್ ಒವಾಂದೊನನ್ನು ಕೂರಿಸಿ ಮಾತಾಡಿಸುವುದು ಸಾಧ್ಯವಿಲ್ಲ. ಅವನು ಯಾವಾಗಲೂ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಿರುತ್ತಾನೆ. ನೊಯೆಮಿ ಕಾರಿಡಾರಿನಲ್ಲಿ ಜೊತೆಗೆ ನಡೆದಳು.

"ವಾಕ್ಯ ಬದಲಾಯಿಸ್ಬೇಕು ಡಾಕ್ಟ್ರೇ. 'ನಾನು ಮರೆತಿದ್ದೇನೆ' ಅಲ್ಲ, 'ನನಗೆ ಮರೆತುಹೋಗಿದೆ'. ಅಷ್ಟೇ. ಎಲ್ರೂ ಒಮ್ಮೆಯೂ ಇಲ್ಲ ಅಂತಿರೋದು ಅದಕ್ಕೇ."

"ನಮ್ಮದಲ್ಲವಲ್ಲ ಅದು, ಬದಲಾಯಿಸೋದಕ್ಕೆ. ಒಂದು ಅಕ್ಷರ ಮುಟ್ಟೋದಿದ್ರೂ ಮಾಲೀಕರಿಗೆ ಬರೀಬೇಕು. ಅವ್ರು ಸಮಿತಿ ಕರೀತಾರೆ, ವಾಪಸ್ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಡ್ತಾರೆ, ನಾವು ಮೊದಲಿಂದ ಶುರು ಮಾಡ್ಬೇಕು. ಅಷ್ಟೊತ್ತಿಗೆ ಈ ರೋಗಿಗಳಲ್ಲಿ ಎಷ್ಟು ಜನ ಇರ್ತಾರೆ?"

"ದೋನ್ಯಾ ಎಲ್ಪೀದಿಯಾನ ನೇರ ನೆನಪಿನ ಡಾಕ್ಟ್ರ ಹತ್ರ ಕಳಿಸಿಬಿಡಿ. ಅವ್ರಿಗೆ ನನ್ನ ಹೆಸರೇ ಬರ್ಲಿಲ್ಲ."

"ನನ್ನ ಹೆಂಡತಿಗೂ ನನ್ನ ಹೆಸರು ಬರಲ್ಲ, ಬೈಯೋವಾಗ ಮಕ್ಕಳ ಹೆಸರೆಲ್ಲ ಮುಗ್ಸಿ ಕೊನೇಲಿ ನನ್ನ ಹತ್ರ ಬರ್ತಾಳೆ." ಒವಾಂದೊ ನಿಂತ. ಕಣ್ಣ ಕೆಳಗೆ ಕಪ್ಪಾಗಿತ್ತು. "ನೋಡು ನೊಯೆಮಿ, ನೆನಪಿನ ಪರೀಕ್ಷೆ ಮಾಡೋದಕ್ಕೆ ಇಡೀ ಆಸ್ಪತ್ರೆಗೆ ಒಬ್ಬಳೇ ಇದಾಳೆ. ಅಂಕ ಕೆಳಗಿದ್ದೋರ್ನ ಮೊದ್ಲು ನೋಡ್ತೀನಿ ಅಂತ ಒಪ್ಪಿಸೋದಕ್ಕೇ ನನಗೆ ಸಾಕುಸಾಕಾಗಿದೆ. ಅಂಕ ಚೆನ್ನಾಗಿರೋರ್ನ ಯಾವ ಮುಖ ಇಟ್ಕೊಂಡು ಕಳಿಸ್ಲಿ? ಎರಡು ವಾರಕ್ಕೆ ಮತ್ತೆ ಬರ್ತಾಳಲ್ಲ. ಆಗ ಕೆಳಗೆ ಬಂದ್ರೆ ಅದೇ ದಿನ ಸೈನ್ ಹಾಕ್ತೀನಿ."

"ಬರಲ್ಲ. ಹೀಗೇ ಓದಿದ್ರೆ ಕೆಳಗೆ ಬರಲ್ಲ."

"ಹೀಗೇ ಓದು," ಎಂದು ಅವನು ಇನ್ನೊಂದು ಬಾಗಿಲೊಳಗೆ ಹೋದ.

ವಿಚಾರಣೆ ಇದ್ದದ್ದು ಎರಡನೇ ಓದಿನ ಮಾರನೇ ವಾರ.

*

ಮೊದಲ ಓದಿನ ದಿನವೇ ಮಧ್ಯಾಹ್ನ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಎಲ್ಪೀದಿಯಾ ಇನ್ನೂ ನಿಂತಿದ್ದಳು. ಎರಡು ಬಸ್ ಬಿಟ್ಟಿದ್ದಳಂತೆ. ಯಾವುದು ತನ್ನದು ಎಂದು ಖಾತ್ರಿಯಾಗಿರಲಿಲ್ಲ. "ಎರಡಕ್ಕೂ ಒಂದೇ ಬಣ್ಣ ಬಳಿದಿದಾರೆ, ಮೂರ್ಖರು," ಎಂದಳು. ಜಿನುಗು ಮಳೆಗೆ ಇಬ್ಬರೂ ತಗಡಿನ ಕೆಳಗೆ ಒತ್ತಿ ನಿಂತರು.

ನಿಯಮದ ಪ್ರಕಾರ ನೊಯೆಮಿ ಸುಮ್ಮನಿರಬೇಕಿತ್ತು. ಸುಮ್ಮನಿದ್ದು ಉಪಯೋಗವಿಲ್ಲ ಎಂದು ನಿರ್ಧರಿಸಿದಳು. ನಿರ್ಧರಿಸಲು ಹೆಚ್ಚು ಹೊತ್ತೂ ಹಿಡಿಯಲಿಲ್ಲ, ಅದೇ ತಪ್ಪಾಯಿತೇನೋ.

"ನೀವು ಒಮ್ಮೆಯೂ ಇಲ್ಲ ಅಂದ್ರಲ್ಲ, ಅದ್ರಿಂದ ಡಾಕ್ಟ್ರು ನಿಮ್ಮ ತಲೆ ಚೆನ್ನಾಗಿದೆ ಅಂತ ತಿಳ್ಕೊಂಡಿದಾರೆ. ಪತ್ರ ಸಿಗಲ್ಲ."

"ಅದು ಹೇಗೆ? ನೀನು ಕಣ್ಣಾರೆ ನೋಡಿದ್ಯಲ್ಲ!"

"ನಾನು ನೋಡಿದ್ದು ಲೆಕ್ಕಕ್ಕಿಲ್ಲ. ನೀವು ಹೇಳಿದ್ದು ಮಾತ್ರ."

"ಹಾಗಾದ್ರೆ ಏನನ್ನಬೇಕು? ನನಗೆ ಹುಚ್ಚು ಅನ್ಲಾ?"

"ಹುಚ್ಚಲ್ಲ ದೋನ್ಯಾ. ಕೇಳಿ. ಕಾಗದದ ಭಾಷೆ ಬೇರೆ ಥರ. ಕಾಗದದಲ್ಲಿ 'ನಾನು ಮರೆತಿದ್ದೇನೆ' ಅಂತ ಇದ್ರೆ, ನೀವು 'ನನಗೆ ಮರೆತುಹೋಗುತ್ತೆ' ಅಂತ ಕೇಳಿಸ್ಕೋಬೇಕು. 'ತಪ್ಪು ಮಾಡಿದ್ದೇನೆ' ಅಂದ್ರೆ 'ತಪ್ಪಾಗಿಹೋಗುತ್ತೆ'. ಅದು ನಿಮ್ಮ ಮೇಲೆ ದೂರು ಹೇಳ್ತಿಲ್ಲ. ಎಷ್ಟು ಸಲ ಆಗುತ್ತೋ ಅಷ್ಟು ಸಲ ಅಂತ ಧೈರ್ಯವಾಗಿ ಹೇಳಿ."

ಎಲ್ಪೀದಿಯಾ ಮಳೆಗೆ ಬೆನ್ನು ಮಾಡಿ ಅವಳ ಕಡೆ ತಿರುಗಿದಳು.

"ಆವತ್ತೂ ಹಾಗೇ ಆಯ್ತು," ಎಂದಳು. "ಆ ಮಗು ಅವ್ನ ನೋಡಿ ಚಿಕ್ಕಪ್ಪಾ ಅಂತ ಓಡ್ತು. ಏನೋ ಇದೆ, ಈ ಮಗೂದು ಏನೋ ಒಂದಿದೆ ಅಂತ ಅನ್ನಿಸ್ತು ನನಗೆ. ಏನು ಅಂತ ಬರ್ಲಿಲ್ಲ. ಗೋಡೆಗೆ ಕೈ ಹಾಕಿದ ಹಾಗೆ, ದೀಪದ ಸ್ವಿಚ್ಚು ಅಲ್ಲೇ ಇರ್ಬೇಕು, ಇಲ್ಲ. ಅವ್ನು ನಗ್ತಾ ನಿಂತಿದಾನೆ. ಹಿಂದೆ ಸಾಲು. ನಾನೂ ನಕ್ಕೆ. ಕೊಟ್ಟೆ." ಮೂಗು ಒರೆಸಿಕೊಂಡಳು. "ದಿನಕ್ಕೆ ಹಲವು ಸಲ ಆಗುತ್ತೆ ಮಗಳೇ. ಒಲೆ ಮೇಲಿಟ್ಟ ಅವರೆಕಾಳು ಎಷ್ಟು ಸಲ ಸೀದುಹೋಗಿದ್ಯೋ. ಮಗನಿಗೆ ಹೇಳಿಲ್ಲ."

"ಅದನ್ನೇ ಹೇಳಿ."

"ದಿನಕ್ಕೆ ಹಲವು ಸಲ," ಎಂದು ಎಲ್ಪೀದಿಯಾ ಬಾಯಿಪಾಠ ಮಾಡುವವರಂತೆ ಮತ್ತೊಮ್ಮೆ ಹೇಳಿಕೊಂಡಳು. ನೊಯೆಮಿ ಅವಳನ್ನು ಸರಿಯಾದ ಬಸ್ ಹತ್ತಿಸಿದಳು.

*

ಎರಡನೇ ಓದಿನ ದಿನ ಎಲ್ಪೀದಿಯಾ ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

"ನಾನು ಪರಿಚಯದವರ ಹೆಸರುಗಳನ್ನು ಮರೆತಿದ್ದೇನೆ."

"ದಿನಕ್ಕೆ ಹಲವು ಸಲ."

"ನಾನು ಮಾಡಬೇಕಾದ ಕೆಲಸಗಳನ್ನು ಮರೆತಿದ್ದೇನೆ."

"ದಿನಕ್ಕೆ ಹಲವು ಸಲ."

ಉತ್ತರಗಳು ಪ್ರಶ್ನೆ ಮುಗಿಯುವ ಮೊದಲೇ ಬರತೊಡಗಿದವು. ಕಾಗದದ ಎರಡನೇ ಪುಟದಲ್ಲಿ ಉಲ್ಟಾ ವಾಕ್ಯಗಳಿವೆ, ಚೆನ್ನಾಗಿದ್ದೇನೆ ಎನ್ನುವಂಥವು. ಯಾಂತ್ರಿಕವಾಗಿ ಉತ್ತರಿಸುವವರನ್ನು ಹಿಡಿಯಲೆಂದೇ ಇಟ್ಟಿದ್ದು. ಬಸ್ ನಿಲ್ದಾಣದಲ್ಲಿ ನೊಯೆಮಿಗೆ ಅವುಗಳ ನೆನಪೇ ಆಗಿರಲಿಲ್ಲ.

"ನನ್ನ ಬುದ್ಧಿ..." ಅವಳು ನಿಧಾನಿಸಿದಳು. ನಿಧಾನಿಸುವುದೂ ನಿಯಮಕ್ಕೆ ವಿರುದ್ಧ. "ನನ್ನ ಬುದ್ಧಿ ಎಂದಿನಂತೆ ಚುರುಕಾಗಿದೆ."

"ದಿನಕ್ಕೆ ಹಲವು ಸಲ."

ನೊಯೆಮಿ ತಲೆಯೆತ್ತಿ ನೋಡಿದಳು. ಎಲ್ಪೀದಿಯಾ ಸಮಾಧಾನ ಮಾಡುವಂತೆ ನಕ್ಕು, ಮುಂದಕ್ಕೆ ಓದು ಎಂದು ಗದ್ದ ಆಡಿಸಿದಳು.

"ನನಗೆ ಹೆಸರುಗಳು ಸುಲಭವಾಗಿ ನೆನಪಾಗುತ್ತವೆ."

"ದಿನಕ್ಕೆ ಹಲವು ಸಲ. ಸರಿಯಾಗಿ ಹೇಳ್ತಿದೀನಿ ತಾನೆ?"

ಆ ಪ್ರಶ್ನೆಗೆ ಉತ್ತರ ಕೊಡುವ ಹಾಗಿರಲಿಲ್ಲ. ನೊಯೆಮಿ ಕೊನೆಯವರೆಗೂ ಓದಿದಳು, ಕೊನೆಯವರೆಗೂ ಗುರುತು ಹಾಕಿದಳು.

ಸಂಜೆ ಒವಾಂದೊ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡ. ಅವತ್ತು ಮೊದಲ ಸಲ ಅವನು ಕೂತಿದ್ದ.

"ಇದು ಒಬ್ಬಳೇ ಹೆಂಗಸಾ? ಎರಡು ವಾರದಲ್ಲಿ ಬೆಟ್ಟದಿಂದ ಪ್ರಪಾತ. ಬುದ್ಧಿ ಚುರುಕಾಗೂ ಇದೆ, ಇಲ್ಲವೇ ಇಲ್ಲ. ಯಾರೋ ಹೇಳ್ಕೊಟ್ಟಿದಾರೆ."

"ನಾನೇ."

ಒವಾಂದೊ ಕನ್ನಡಕ ತೆಗೆದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಅವಳಿಗೆ ಒಳ್ಳೇದು ಮಾಡಿದೆ ಅಂದ್ಕೊಂಡಿದೀಯ. ಇನ್ಮೇಲೆ ಅವಳು ಏನು ಹೇಳಿದ್ರೂ ಹೇಳಿಕೊಟ್ಟದ್ದು. ನಾಳೆ ಶಿಶುವಿಹಾರದ ವಕೀಲ ಈ ಎರಡು ಹಾಳೆ ಕೇಳಿದ್ರೆ ನಾನೇನು ಹೇಳ್ಲಿ? ಮೊದಲ್ನೇದನ್ನಾದ್ರೂ ಅನುಮಾನದಿಂದ ನೋಡಬಹುದಿತ್ತು, ರೋಗಿಗಳು ನಾಚ್ಕೋತಾರೆ ಅಂತ ಎರಡು ಸಾಲು ಬರೆದು ಕಳಿಸ್ತಿದ್ದೆ. ಈಗ ಅದೂ ಇಲ್ಲ."

"ಕಳಿಸ್ತಿದ್ರಾ?"

"ಗೊತ್ತಿಲ್ಲ," ಎಂದ ಒವಾಂದೊ. ಸುಳ್ಳು ಹೇಳುವ ಮನುಷ್ಯನಲ್ಲ. "ಬಹುಶಃ." ಹಾಳೆಯ ಮೇಲೆ 'ಉತ್ತರಗಳು ನಂಬಲರ್ಹವಲ್ಲ, ಅಧ್ಯಯನದಿಂದ ಕೈಬಿಟ್ಟಿದೆ' ಎಂದು ಬರೆದ. "ಮಾಮೂಲು ಸರದೀಲಿ ಹೆಸರು ಹಾಕ್ಸು. ಮಳೆಗಾಲ ಮುಗಿಯೋಷ್ಟೊತ್ತಿಗೆ ಅವಳ ಪಾಳಿ ಬರಬಹುದು. ಮತ್ತೆ ಇದನ್ನ ಹೊರಗೆ ಬಾಯಿ ಬಿಡಬೇಡ. ಗೊತ್ತಾದ್ರೆ ನೀನು ಓದಿದ್ದೆಲ್ಲ ಎಸೀಬೇಕಾಗುತ್ತೆ."

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಓದಲು ಬೇರೆ ಯಾರೂ ಇರಲಿಲ್ಲ.

ಆಮೇಲೆ ಲೆಕ್ಕ ಮಾಡುವವನು ಬಂದು ಎಲ್ಲ ಉತ್ತರಗಳನ್ನೂ ಕಂಪ್ಯೂಟರಿಗೆ ಹಾಕಿದ. ಹೆಸರು ಮರೆಯುವ ವಾಕ್ಯಕ್ಕೆ ಹೆಚ್ಚುಕಮ್ಮಿ ಎಲ್ಲರೂ 'ಒಮ್ಮೆಯೂ ಇಲ್ಲ' ಎಂದಿದ್ದರು. ಎಲ್ಲರೂ ಒಂದೇ ಹೇಳುವ ವಾಕ್ಯದಿಂದ ಏನೂ ಅಳೆಯಲಾಗುವುದಿಲ್ಲ, ತೆಗೆದುಬಿಡಿ ಎಂದ. ಹೆಸರು ಮರೆಯುವುದು ಈ ಭಾಗದ ರೋಗಿಗಳಲ್ಲಿ ಕಂಡುಬರುವ ತೊಂದರೆಯಲ್ಲ ಎಂದು ವರದಿಯ ಕರಡಿನಲ್ಲಿ ಸೇರಿತು. ನೊಯೆಮಿ ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಟಿಪ್ಪಣಿ ಬರೆದಳು. ಮುಂದಿನ ಕರಡಿನಲ್ಲಿ ಟಿಪ್ಪಣಿ ಇರಲಿಲ್ಲ.

*

ಇಂಜೆಕ್ಷನ್ನಿನ ದಿನ ಎಲ್ಪೀದಿಯಾ ಬಂದಳು. ತೋಳಿಗೆ ಹತ್ತಿ ಒತ್ತಿ ಹಿಡಿದುಕೊಂಡೇ ನೊಯೆಮಿಯ ಕೋಣೆಗೆ ಬಂದು ಕೂತಳು. ಪತ್ರ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳುತ್ತಾಳೆಂದು ನೊಯೆಮಿ ಒಂದು ವಾರದಿಂದ ಉತ್ತರ ಜೋಡಿಸಿಕೊಂಡಿದ್ದಳು.

"ವಿಚಾರಣೆ ಮುಗೀತು," ಎಂದಳು ಎಲ್ಪೀದಿಯಾ. "ಒಳ್ಳೇ ಜನ, ಕಾಫಿ ಕೊಟ್ರು. ದೊಡ್ಡ ಮೇಡಮ್ಮು ಒಂದು ಕಾಗದ ಓದಿದ್ರು. 'ನಾನು ನಿಯಮವನ್ನು ಮರೆತು ಮಗುವನ್ನು ಒಪ್ಪಿಸಿದ್ದೇನೆ' ಅಂತಿತ್ತು. ಯೂನಿಯನ್ ಹುಡುಗ ಮೇಜಿನ ಕೆಳಗಿಂದ ನನ್ನ ಕಾಲು ತುಳೀತಾನೇ ಇದ್ದ, ಬೂಟು ಕಾಲಲ್ಲಿ, ಕತ್ತೆ. ಮೊದಲಾಗಿದ್ರೆ ನಾನು ಕಾಗದ ಹರಿದು ಮುಖಕ್ಕೆಸೀತಿದ್ದೆ."

"ಸೈನ್ ಹಾಕಿದ್ರಾ?"

"ನೀನು ಹೇಳ್ಕೊಟ್ಟಿದ್ಯಲ್ಲ ಮಗಳೇ. ಕಾಗದದಲ್ಲಿ ಹಾಗಿದ್ರೆ ಹೀಗೆ ಕೇಳಿಸ್ಕೋಬೇಕು, ದೂರಲ್ಲ ಅಂತ. ನಿಯಮ ನನಗೆ ಮರೆತುಹೋಗಿದ್ದಂತೂ ನಿಜ. ಹಾಕ್ದೆ." ಅವಳು ಹತ್ತಿಯನ್ನು ತೆಗೆದು ನೋಡಿ ಮತ್ತೆ ಒತ್ತಿದಳು. "ಅಡುಗೆಮನೆಗೆ ಯಾವತ್ತಿಂದ ಬರ್ಲಿ ಅಂತ ಕೇಳ್ದೆ. ತಿಳಿಸ್ತೀವಿ ಅಂದ್ರು. ಮನೆಗೊಂದು ಲಕೋಟೆ ಬಂತು, ಮಗ ಓದಿ ಗೋಡೆಗೆ ಗುದ್ದಿ ಹೊರಗೆ ಹೋದ. ಈ ತಿಂಗಳ ಕೊನೇವರೆಗೂ ವಿಮೆ ಇದ್ಯಂತೆ."

ನೊಯೆಮಿಗೆ ಹೇಳಬೇಕಾದ್ದು ಬಹಳ ಇತ್ತು. ಆ ಕಾಗದ ಬೇರೆ, ಈ ಕಾಗದ ಬೇರೆ. ಅಲ್ಲಿ 'ನಾನು' ಎಂದರೆ ನಿಜವಾಗಿಯೂ ನಾನು ಎಂದೇ. ಹೇಳಿಕೊಟ್ಟವಳಿಗೆ ಇದು ಹೊಳೆಯಬೇಕಿತ್ತು. ಅದನ್ನೆಲ್ಲ ಈಗ ವಿವರಿಸಿದರೆ ಆಗುವುದು ಒಂದೇ, ಎಲ್ಪೀದಿಯಾಗೆ ಅರ್ಥವಾಗುತ್ತದೆ.

"ಸರಿಯಾಯ್ತಲ್ಲ?" ಎಂದು ಎಲ್ಪೀದಿಯಾ ಕೇಳಿದಳು. ಮುಖ ಸ್ವಲ್ಪ ಮುಂದೆ ಚಾಚಿ, ಉತ್ತರಕ್ಕೆ ಕಾದಳು.

"ಸರಿಯಾಯ್ತು, ದೋನ್ಯಾ," ಎಂದಳು ನೊಯೆಮಿ.

"ಮತ್ತೆ ಮುಂದಿನ ಇಂಜೆಕ್ಷನ್ನು ಯಾವತ್ತು ಅಂತ ಒಂದು ಚೀಟೀಲಿ ಬರೆದ್ಕೊಡು. ನರ್ಸು ಹೇಳಿದ್ಲು, ಮರೆತೇಹೋಯ್ತು."

ನೊಯೆಮಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಆ ತಾರೀಖು ಮುಂದಿನ ತಿಂಗಳಲ್ಲಿ ಬೀಳುತ್ತಿತ್ತು. ಪೆನ್ನು ತೆಗೆದು, ದೊಡ್ಡ ಅಕ್ಷರಗಳಲ್ಲಿ, ದಿನ, ತಾರೀಖು, ಬೆಳಿಗ್ಗೆ ಎಷ್ಟು ಗಂಟೆಗೆ ಎಂದು ಎಲ್ಲವನ್ನೂ ಬರೆದು ಅವಳ ಕೈಗೆ ಕೊಟ್ಟಳು.